ಪ್ರಶ್ನೋತ್ತರ: ಮಂದ್‌ನ ಹಾಡು ದೂರದ ಫೋನಿಗೆ ತಲುಪಬೇಕಾದರೆ

ಪ್ರಶ್ನೆ: ನಮ್ಮೂರ ಸಂಘದವರು ಹಿರಿಯರು ಹಾಡಿದ ದುಡಿಕೊಟ್ಟ್ ಪಾಟ್ (ದುಡಿ ಎಂಬ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡು) ಹಾಗೂ ಊರವರು ಸೇರುವ ಬಯಲಾದ ಮಂದ್‌ನಲ್ಲಿ ನಡೆದ ಹುತ್ತರಿ ಕೋಲಾಟಗಳ ಸುಮಾರು 60 ಗಂಟೆಗಳಷ್ಟು ವಿಡಿಯೊ ಕೂಡಿಟ್ಟಿದ್ದೇವೆ. ಅರ್ಧದಷ್ಟು ಹಳೆಯ ಮಿನಿ ಡಿವಿ ಟೇಪುಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡದ್ದು, ಉಳಿದದ್ದು ಫೋನಿನಲ್ಲಿ ಚಿತ್ರೀಕರಿಸಿದ್ದು. ಮೈಸೂರು, ಬೆಂಗಳೂರುಗಳಲ್ಲಿ ಓದುತ್ತಿರುವ ಮಕ್ಕಳು ಬೇಕೆಂದಾಗ ನೋಡಲಿ ಎಂದು ಸಂಘದ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮತ್ತು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕಿ ಕಡತಗಳನ್ನು ಇಟ್ಟಿದ್ದೇವೆ. ಆದರೆ ಕೆಲವು ವಿಡಿಯೊಗಳು ಬಹಳ ಹೊತ್ತು ಆರಂಭವೇ ಆಗುವುದಿಲ್ಲ; ಕೆಲವು ಫೋನುಗಳಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ; ನಾಲ್ಕೈದು ಮಂದಿ ಒಟ್ಟಿಗೆ ನೋಡಿದರೆ ಎಲ್ಲರದ್ದೂ ತಡೆದು ತಡೆದು ಸಾಗುತ್ತದೆ. ಹೆಚ್ಚು ಶಕ್ತಿಯ ಕಂಪ್ಯೂಟರ್ ಕೊಳ್ಳಬೇಕೆ?
— ಓದುಗರು, ಪೊನ್ನಂಪೇಟೆ

ಉತ್ತರ: ಕೊಳ್ಳಬೇಡಿ. ನಿಮ್ಮ ಮೂರು ತೊಂದರೆಗಳಿಗೂ ಮೂರು ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದೂ ಕಂಪ್ಯೂಟರಿನ ಶಕ್ತಿಗೆ ಸಂಬಂಧಿಸಿದ್ದಲ್ಲ. ವಿಡಿಯೊವನ್ನು ನೋಡುಗರು ಕೇಳಿದಾಗ ಸರ್ವರ್ ಹೊಸದಾಗಿ ಪರಿವರ್ತಿಸುತ್ತ ಕೂರಬೇಕಾದರೆ ಮಾತ್ರ ಬಲವಾದ ಯಂತ್ರ ಬೇಕು. ಎಲ್ಲವನ್ನೂ ಒಮ್ಮೆ ಮೊದಲೇ ಸಿದ್ಧಪಡಿಸಿಟ್ಟರೆ ಸರ್ವರಿಗೆ ಉಳಿಯುವುದು ಕಡತದ ತುಣುಕುಗಳನ್ನು ತೆಗೆದುಕೊಡುವ ಕೆಲಸವಷ್ಟೆ. ಅದನ್ನು ಹತ್ತು ವರ್ಷ ಹಳೆಯ ಕಂಪ್ಯೂಟರೂ ನಿರಾಯಾಸವಾಗಿ ಮಾಡುತ್ತದೆ. ಪರಿವರ್ತನೆಗೆ ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಸಾಕು. ಅದು ರಾತ್ರಿಯಿಡೀ ನಿಧಾನವಾಗಿ ನಡೆದರೂ ನಷ್ಟವಿಲ್ಲ.

ವಿಡಿಯೊ ತಡವಾಗಿ ಆರಂಭವಾಗುವುದು ಎಂಪಿ4 ಕಡತದ ರಚನೆಯಿಂದ. ಯಾವ ಚಿತ್ರ, ಯಾವ ಧ್ವನಿ ಕಡತದಲ್ಲಿ ಎಲ್ಲಿದೆ ಎಂಬ ಸೂಚಿಯನ್ನು 'ಮೂವ್' ಎಂಬ ಭಾಗದಲ್ಲಿ ಬರೆದಿರುತ್ತದೆ. ಚಿತ್ರೀಕರಣ ಮುಗಿಯುವವರೆಗೆ ಆ ಸೂಚಿ ಪೂರ್ಣವಾಗದ ಕಾರಣ ಕ್ಯಾಮೆರಾಗಳು ಸಾಮಾನ್ಯವಾಗಿ ಅದನ್ನು ಕಡತದ ಕೊನೆಗೆ ಸೇರಿಸುತ್ತವೆ. ಸೂಚಿ ಕೈಗೆ ಸಿಗುವವರೆಗೆ ಪ್ಲೇಯರ್ ವಿಡಿಯೊವನ್ನು ಆರಂಭಿಸಲಾರದು. ಎಫ್‌ಎಫ್‌ಎಂಪೆಗ್‌ನಲ್ಲಿ 'ಫಾಸ್ಟ್‌ಸ್ಟಾರ್ಟ್' ಆಯ್ಕೆಯೊಂದಿಗೆ, ಚಿತ್ರ ಮತ್ತು ಧ್ವನಿಗಳನ್ನು ಮುಟ್ಟದೆ 'ಕಾಪಿ' ಮಾಡಿಸಿದರೆ ಸೂಚಿ ಮೊದಲಿಗೆ ಬರುತ್ತದೆ. ಗುಣಮಟ್ಟ ಕಿಂಚಿತ್ತೂ ಕುಂದುವುದಿಲ್ಲ.

ಚಿತ್ರ ಬಾರದೆ ಧ್ವನಿ ಮಾತ್ರ ಬರುವ ಕಡತಗಳು ಹೊಸ ಫೋನುಗಳವೇ ಇರಬೇಕು, ಪರೀಕ್ಷಿಸಿ ನೋಡಿ. ಈಚಿನ ಫೋನುಗಳು ಜಾಗ ಉಳಿಸಲು ಎಚ್.265 ಎಂಬ ಸಂಕೋಚನದಲ್ಲಿ, ಕೆಲವೊಮ್ಮೆ 10 ಬಿಟ್ ಬಣ್ಣದಲ್ಲಿ ಚಿತ್ರೀಕರಿಸುತ್ತವೆ. ಎಲ್ಲ ಬ್ರೌಸರುಗಳೂ ಹಳೆಯ ಫೋನುಗಳೂ ಅದನ್ನು ಬಿಡಿಸಿ ತೋರಿಸಲಾರವು. 2003ರಲ್ಲಿ ಬಂದ ಎಚ್.264 ಮಾತ್ರ ಇಂದು ಬಹುಮಟ್ಟಿಗೆ ಎಲ್ಲೆಡೆ ನಡೆಯುವ ನಾಣ್ಯವಾಗಿದೆ. ಎಲ್ಲವನ್ನೂ 8 ಬಿಟ್‌ನ ಎಚ್.264 ಚಿತ್ರಕ್ಕೂ ಎಎಸಿ ಎಂಬ ಸಂಕೋಚನದ ಧ್ವನಿಗೂ ತನ್ನಿ.

ಮೂರನೆಯದೇ ಮುಖ್ಯ ವಿಷಯ. ಈಗ ನೀವು ಒಂದೇ ದೊಡ್ಡ ಕಡತವನ್ನು ಎಲ್ಲರಿಗೂ ಕಳಿಸುತ್ತಿದ್ದೀರಿ. ಹಾಸ್ಟೆಲಿನ ಸೊರಗಿದ ವೈಫೈಗೂ ಅದೇ, ಮನೆಯ ಫೈಬರಿಗೂ ಅದೇ. ಇದಕ್ಕೆ ಪರಿಹಾರ ಎಚ್‌ಎಲ್‌ಎಸ್. ಆಪಲ್ ಸಂಸ್ಥೆ 2009ರಲ್ಲಿ ತಂದ ಈ ಪದ್ಧತಿಯಲ್ಲಿ ಒಂದೇ ವಿಡಿಯೊವನ್ನು ಹಲವು ಗಾತ್ರಗಳಲ್ಲಿ ತಯಾರಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ತುಣುಕುಗಳ ಪಟ್ಟಿಯನ್ನು ಒಂದು ಸಣ್ಣ ಪಠ್ಯ ಕಡತದಲ್ಲಿ ಇಡುತ್ತಾರೆ. ಸಂಪರ್ಕದ ವೇಗ ಕುಸಿದರೆ ಪ್ಲೇಯರ್ ಮುಂದಿನ ತುಣುಕನ್ನು ಚಿಕ್ಕ ಗಾತ್ರದಲ್ಲಿ ಕೇಳಿಕೊಳ್ಳುತ್ತದೆ, ವೇಗ ಮರಳಿದಾಗ ದೊಡ್ಡದಕ್ಕೆ ಏರುತ್ತದೆ. ಐಫೋನಿನ ಸಫಾರಿಯಲ್ಲಿ ಇದು ನೇರವಾಗಿ ನಡೆಯುತ್ತದೆ. ಉಳಿದ ಬ್ರೌಸರುಗಳಿಗಾಗಿ ಪುಟದಲ್ಲಿ ಎಚ್‌ಎಲ್‌ಎಸ್ ಡಾಟ್ ಜೆಎಸ್ ಎಂಬ ಮುಕ್ತ ತಂತ್ರಾಂಶವನ್ನು ಸೇರಿಸಿ.

ನಿಮ್ಮ ಸಂಗ್ರಹಕ್ಕೆ ಧ್ವನಿಯೂ ಸೇರಿ ಸೆಕೆಂಡಿಗೆ 400, 800 ಮತ್ತು 1600 ಕಿಲೋಬಿಟ್‌ಗಳ ಮೂರು ಗಾತ್ರಗಳು ಸಾಕು. ಮೂರೂ ಸೇರಿ ಒಂದು ಗಂಟೆಯ ವಿಡಿಯೊಗೆ ಸುಮಾರು 1.26 ಜಿಬಿ, 60 ಗಂಟೆಗೆ 76 ಜಿಬಿಯಷ್ಟು ಜಾಗ ಬೇಕಾಗುತ್ತದೆ. ತುಣುಕು 6 ಸೆಕೆಂಡಿನದಿರಲಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ತುಣುಕು ಆರಂಭವಾಗುವ ಕಡೆ ಪೂರ್ಣ ಚಿತ್ರ, ಅಂದರೆ ಕೀಫ್ರೇಮ್, ಇರಲೇಬೇಕು ಮತ್ತು ಅದು ಮೂರೂ ಗಾತ್ರಗಳಲ್ಲಿ ಒಂದೇ ಕ್ಷಣದಲ್ಲಿ ಬರಬೇಕು. ಸೆಕೆಂಡಿಗೆ 25 ಚಿತ್ರಗಳ ವಿಡಿಯೊದಲ್ಲಿ ಪ್ರತಿ 50 ಚಿತ್ರಗಳಿಗೆ ಒಂದು ಕೀಫ್ರೇಮ್ ಎಂದು ನಿಗದಿಪಡಿಸಿ, ದೃಶ್ಯ ಬದಲಾದಾಗ ತಾನಾಗಿ ಕೀಫ್ರೇಮ್ ಸೇರಿಸುವ ಆಯ್ಕೆಯನ್ನು ಸೊನ್ನೆಗೆ ಇಳಿಸಿ. ಇಲ್ಲವಾದರೆ ಒಂದು ಗಾತ್ರದಿಂದ ಇನ್ನೊಂದಕ್ಕೆ ದಾಟುವಾಗ ಕೋಲಾಟದ ಹೆಜ್ಜೆ ಮುಗ್ಗರಿಸಿದಂತೆ ಕಾಣುತ್ತದೆ.

ಟೇಪಿನ ವಿಡಿಯೊಗಳಿಗೆ ಬೇರೆಯೇ ಆರೈಕೆ ಬೇಕು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿ ಚಿತ್ರ 720 × 576 ಚುಕ್ಕಿಗಳದು; ಅದರಲ್ಲಿ ಒಂದೊಂದು ಚಿತ್ರವನ್ನೂ ಬೆಸ ಸಾಲು, ಸಮ ಸಾಲುಗಳೆಂದು ಎರಡು ಪಾಲಾಗಿ ಚಿತ್ರೀಕರಿಸಿರುತ್ತಾರೆ. ಹಾಗೆಯೇ ಬಿಟ್ಟರೆ ಬೀಸುವ ಕೋಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಎಫ್‌ಎಫ್‌ಎಂಪೆಗ್‌ನ 'ಯಾಡಿಫ್' ಫಿಲ್ಟರ್ ಇದನ್ನು ಸರಿಪಡಿಸುತ್ತದೆ. ಜೊತೆಗೆ, 4:3 ಅನುಪಾತದ ಟೇಪಾದರೆ ಅಗಲವನ್ನು 768ಕ್ಕೆ ತನ್ನಿ, ಇಲ್ಲವಾದರೆ ಹಿರಿಯರ ಮುಖಗಳು ಸಪೂರವಾಗಿ ತೋರುತ್ತವೆ. ಈ ಚಿತ್ರವನ್ನು ಎಚ್‌ಡಿಗೆ ಹಿಗ್ಗಿಸುವುದರಿಂದ ಯಾವ ಲಾಭವೂ ಇಲ್ಲ. ಟೇಪುಗಳನ್ನು ಮಾತ್ರ ಎಸೆಯಬೇಡಿ, ಇನ್ನೂ ಇಳಿಸಿಕೊಳ್ಳದವು ಉಳಿದಿದ್ದರೆ ಈ ಬೇಸಿಗೆಯಲ್ಲೇ ಮುಗಿಸಿ. ಕೊಡಗಿನ ಮಳೆಗಾಲದ ತೇವದಲ್ಲಿ ಕಪಾಟಿನೊಳಗಿನ ಟೇಪಿಗೂ ಬೂಷ್ಟು ಹಿಡಿಯುತ್ತದೆ. ಡಿವಿಯ ಮೂಲ ಪ್ರತಿ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆಯಾದರೂ ಅದನ್ನು ಎರಡು ಬೇರೆ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಕಾಪಾಡಿ.

ನಿಮ್ಮದು ಹಾಡಿನ ಸಂಗ್ರಹವಾದ್ದರಿಂದ ಚಿತ್ರ ಮಸುಕಾದರೂ ಧ್ವನಿ ಕೆಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂರೂ ಗಾತ್ರಗಳಲ್ಲಿ 128 ಕಿಲೋಬಿಟ್‌ನ ಒಂದೇ ಧ್ವನಿಯನ್ನು ಇಡಿ. ದುಡಿಯ ಪೆಟ್ಟು ಮತ್ತು ಹಾಡುವವರ ಉಚ್ಚಾರಣೆ ಸ್ಪಷ್ಟವಾಗಿ ಉಳಿಯುತ್ತವೆ. ಚಿತ್ರವೇ ಇಲ್ಲದ, ಧ್ವನಿ ಮಾತ್ರದ ನಾಲ್ಕನೆಯ ಹರಿವನ್ನೂ ಸೇರಿಸಿದರೆ ನೆಟ್‌ವರ್ಕ್ ಕ್ಷೀಣಿಸಿದ ಕಡೆಯೂ ಹಾಡು ನಿಲ್ಲುವುದಿಲ್ಲ.

ಸರ್ವರಿನ ಸಂರಚನೆಯಲ್ಲಿ ಮಾಡಬೇಕಾದ್ದು ಕಡಿಮೆ. ಪಟ್ಟಿಯ ಕಡತ ಮತ್ತು ತುಣುಕುಗಳಿಗೆ ಸರಿಯಾದ ಮೈಮ್ ಪ್ರಕಾರಗಳನ್ನು (ಕಡತ ಯಾವ ಬಗೆಯದೆಂದು ಬ್ರೌಸರಿಗೆ ತಿಳಿಸುವ ಗುರುತು) ನಮೂದಿಸಿ. ಪುಟ ಒಂದು ವಿಳಾಸದಲ್ಲೂ ವಿಡಿಯೊ ಇನ್ನೊಂದರಲ್ಲೂ ಇದ್ದರೆ ಕಾರ್ಸ್ ಅನುಮತಿಯನ್ನು (ಒಂದು ವಿಳಾಸದ ಪುಟ ಇನ್ನೊಂದರ ಕಡತವನ್ನು ಬಳಸಲು ಬೇಕಾದ ಒಪ್ಪಿಗೆ) ಕೊಡಿ. ಇದನ್ನು ಮರೆತರೆ ವಿಳಾಸವನ್ನು ನೇರವಾಗಿ ತೆರೆದಾಗ ಸಿಗುವ ಕಡತ, ಪುಟದೊಳಗಿನ ಪ್ಲೇಯರಿನಲ್ಲಿ ಮಾತ್ರ ಓಡುವುದಿಲ್ಲ. ತುಣುಕುಗಳು ಎಂದೂ ಬದಲಾಗದ ಕಾರಣ ಅವನ್ನು ಬ್ರೌಸರ್ ದೀರ್ಘಕಾಲ ಕ್ಯಾಷ್‌ನಲ್ಲಿ, ಅಂದರೆ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟುಕೊಳ್ಳಲು ಬಿಡಿ. ಎಂಪಿ4 ಕಡತವನ್ನು ಕೇಳಿದ ಕ್ಷಣದಲ್ಲೇ ತುಣುಕು ಮಾಡಿಕೊಡುವ ವಿಒಡಿ ಎಂಬ ಹೆಚ್ಚುವರಿ ಮಾಡ್ಯೂಲ್ ಎಂಜಿನ್‌ಎಕ್ಸ್‌ಗೆ ಇದೆ. ಸಾವಿರಾರು ವಿಡಿಯೊಗಳಿರುವವರಿಗೆ ಅದು ಉಪಯುಕ್ತ. ಆದರೆ ಅದನ್ನು ಮೂಲದಿಂದ ಕಂಪೈಲ್ ಮಾಡಿ ಸೇರಿಸಬೇಕು, ಗಾತ್ರಗಳನ್ನು ಅದು ತಯಾರಿಸುವುದೂ ಇಲ್ಲ. ನಿಮಗೆ ಮೊದಲೇ ಕತ್ತರಿಸಿಟ್ಟ ತುಣುಕುಗಳೇ ಲೇಸು.

ಸಾವಿನ ಮನೆಯ ಹಾಡುಗಳೂ ಸಂಗ್ರಹದಲ್ಲಿದ್ದರೆ ಆಯಾ ಕುಟುಂಬದವರನ್ನು ಕೇಳಿಯೇ ಹಾಕಿ. ಕೆಲವರಿಗೆ ಮಾತ್ರ ತೋರಿಸಬೇಕಾದವನ್ನು ಅವಧಿ ಮುಗಿಯುವ ಗುಪ್ತ ಕೊಂಡಿಯಿಂದ ಕಾಯಬಹುದು. ಆ ಗುಪ್ತ ಸಂಕೇತವನ್ನು ವಿಳಾಸದ ಕೊನೆಯ ಪ್ರಶ್ನಾರ್ಥಕ ಚಿಹ್ನೆಯ ಆಚೆ ಇಡಬೇಡಿ, ಏಕೆಂದರೆ ಪ್ಲೇಯರ್ ಮುಂದಿನ ತುಣುಕುಗಳನ್ನು ಕೇಳುವಾಗ ಅದು ಕಳಚಿಹೋಗುತ್ತದೆ. ಫೋಲ್ಡರಿನ ಹೆಸರಿನಂತೆ ವಿಳಾಸದ ನಡುವೆ ಇಟ್ಟರೆ ಪ್ರತಿ ತುಣುಕಿಗೂ ಒದಗುತ್ತದೆ.

ಕೊನೆಯದಾಗಿ ನಿಮ್ಮ ಸಂಪರ್ಕ. ಇಲ್ಲಿ ಲೆಕ್ಕಕ್ಕೆ ಬರುವುದು ಅಪ್‌ಲೋಡ್ ವೇಗ. ಅದು ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ 1600 ಕಿಲೋಬಿಟ್‌ನ ಗಾತ್ರವನ್ನು 12 ಮಂದಿಗಷ್ಟೇ ಕಳಿಸಬಹುದು, ಅದೂ ಬೇರಾರೂ ಸಂಪರ್ಕ ಬಳಸದಿದ್ದರೆ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಯುಪಿಎಸ್ ಕೂಡ ಕಾಯಲಾರದು. ಆದ್ದರಿಂದ ತಯಾರಿಯ ಕೆಲಸವನ್ನೂ ಮೂಲ ಪ್ರತಿಗಳನ್ನೂ ಊರಿನಲ್ಲೇ ಇರಿಸಿಕೊಂಡು, ಸಿದ್ಧವಾದ 76 ಜಿಬಿಯನ್ನು ನಗರದ ಡೇಟಾ ಸೆಂಟರಿನ ಬಾಡಿಗೆ ಸರ್ವರಿಗೆ ಒಮ್ಮೆ ಏರಿಸಿಬಿಡಿ. ಮೊದಲು ಒಂದೇ ವಿಡಿಯೊವನ್ನು ಹೀಗೆ ಮಾಡಿ, ಬ್ರೌಸರಿನ ಡೆವಲಪರ್ ಉಪಕರಣದಲ್ಲಿ ವೇಗವನ್ನು ಬೇಕೆಂದೇ ತಗ್ಗಿಸಿ, ಮುಂದಕ್ಕೂ ಹಿಂದಕ್ಕೂ ಎಳೆದು ನೋಡಿ; ಅದು ಸರಿಯಾದ ಬಳಿಕವೇ ಉಳಿದವನ್ನು ಪರಿವರ್ತನೆಗೆ ಹಾಕಿ.

ಪ್ರಶ್ನೆ: ತೋಟದ ನಡುವಿನ ನಮ್ಮ ಹೋಂಸ್ಟೇಯಲ್ಲಿ ಮಳೆಗಾಲದಲ್ಲಿ ಇಂಟರ್ನೆಟ್ ಇರುವುದೇ ಅಪರೂಪ. ಮನೆಯ ಕಂಪ್ಯೂಟರಿನಿಂದಲೇ ವಿಡಿಯೊ ತೋರಿಸುವ ಜೆಲ್ಲಿಫಿನ್ ಎಂಬ ತಂತ್ರಾಂಶ ಹಾಕಿದ್ದೇನೆ. ನನ್ನ ಫೋನಿನಲ್ಲಿ ತೆರೆಯುತ್ತದೆ, ಅತಿಥಿಗಳ ಫೋನಿನಲ್ಲಿ ತೆರೆಯುವುದಿಲ್ಲ. ಏಕೆ?
— ಓದುಗರು, ಸೋಮವಾರಪೇಟೆ

ಉತ್ತರ: ನೀವು ಅತಿಥಿಗಳಿಗೆ ಪ್ರತ್ಯೇಕ ವೈಫೈ ಕೊಟ್ಟಿದ್ದೀರೆಂದು ತೋರುತ್ತದೆ. ರೂಟರುಗಳು ಅತಿಥಿ ಜಾಲವನ್ನು ಮನೆಯ ಉಳಿದ ಉಪಕರಣಗಳಿಂದ ಬೇರ್ಪಡಿಸುತ್ತವೆ. ಅದು ಒಳ್ಳೆಯದೇ, ತೆಗೆಯಬೇಡಿ. ರೂಟರಿನಲ್ಲಿ ಸೌಲಭ್ಯವಿದ್ದರೆ ಜೆಲ್ಲಿಫಿನ್ ಬಳಸುವ, ಸರ್ವರಿನ 8096ನೇ ಪೋರ್ಟಿಗೆ ಮಾತ್ರ ಅನುಮತಿ ಕೊಡಿ. ಇಲ್ಲವಾದರೆ ಹಜಾರದ ಟಿವಿಯನ್ನು ಕೇಬಲಿನಿಂದ ಮನೆಯ ಜಾಲಕ್ಕೆ ಜೋಡಿಸಿ ಅದರಲ್ಲೇ ತೋರಿಸಿ. ಅತಿಥಿ ಖಾತೆಗೆ ಪರಿವರ್ತನೆಯ ಅನುಮತಿಯನ್ನು ತೆಗೆದುಹಾಕಿ, ಕಡತಗಳನ್ನು ಮೇಲೆ ಹೇಳಿದ ಹಾಗೆ ಎಚ್.264 ಮತ್ತು ಎಎಸಿಯಲ್ಲಿ ಸಿದ್ಧಪಡಿಸಿಡಿ. ನೀವು ಕೊಂಡ ಸಿನಿಮಾ ಡಿಸ್ಕುಗಳು ಮನೆಯವರ ವೀಕ್ಷಣೆಗಷ್ಟೆ ಮೀಸಲಾದವು; ಹಣ ಕೊಟ್ಟು ತಂಗುವವರಿಗೆ ತೋರಿಸಲು ಹಕ್ಕುದಾರರ ಅನುಮತಿ ಬೇಕು. ಕಾಫಿ ಹೂ ಅರಳಿದ್ದು, ಹಣ್ಣು ಕೊಯ್ದದ್ದು, ಕಣದಲ್ಲಿ ಒಣಗಿಸಿದ್ದು ಮುಂತಾಗಿ ನಿಮ್ಮ ತೋಟದಲ್ಲೇ ನೀವು ಚಿತ್ರೀಕರಿಸಿದ್ದನ್ನು ಯಾರ ಅನುಮತಿಯೂ ಇಲ್ಲದೆ ತೋರಿಸಬಹುದು.

ಪ್ರಶ್ನೆ: ಹಳೆಯ ಕೈಪಿಡಿಯೊಂದರಲ್ಲಿ ವಿಡಿಯೊ ತೋರಿಸಲು ಆರ್‌ಟಿಎಂಪಿ ಎಂಬ ಹಳೆಯ ವಿಡಿಯೊ ಸಾಗಣೆಯ ಪದ್ಧತಿ ಬಳಸಿ ಎಂದಿದೆ. ಈಗಲೂ ನಡೆಯುತ್ತದೆಯೆ?
— ವಿದ್ಯಾರ್ಥಿ, ಕುಶಾಲನಗರ

ಉತ್ತರ: ನೋಡುಗರ ಕಡೆಗೆ ನಡೆಯುವುದಿಲ್ಲ. ಬ್ರೌಸರಿನಲ್ಲಿ ಆರ್‌ಟಿಎಂಪಿ ಓಡಲು ಫ್ಲ್ಯಾಷ್ ಎಂಬ ಪೂರಕ ತಂತ್ರಾಂಶ ಬೇಕಿತ್ತು. ಅಡೋಬಿ ಸಂಸ್ಥೆ ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. ನೇರ ಪ್ರಸಾರದ ವೇಳೆ ಕ್ಯಾಮೆರಾದಿಂದ ಸರ್ವರಿಗೆ ಹರಿವನ್ನು ಕಳಿಸಲು ಮಾತ್ರ ಅದು ಇಂದಿಗೂ ಬಳಕೆಯಲ್ಲಿದೆ.