ಗೆಳೆಯನ ಶರ್ಟ್, ಮೂರು ಪಟ್ಟಿ

ನಿದ್ದೆ ಬರುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಹತ್ತಿರ ಬಂದವನು ಪೈಲಟ್ ಲೈಸೆನ್ಸ್ ಇರುವ ಇಪ್ಪತ್ತಾರು ವರ್ಷದ ಹುಡುಗ. ಗುರುತು ಸಿಗಬಾರದೆಂದು ಹೆಸರು, ಕೆಲವು ವಿವರ ಬದಲಿಸಿದ್ದೇನೆ. ರವಿ ಅನ್ನೋಣ. ಮನೆ ಯಲಹಂಕದಲ್ಲಿ. ಬಂದು ಕೂತವನೇ ಕೇಳಿದ: “ಮೇಡಂ, ನಾನು ಇಲ್ಲಿಗೆ ಬಂದಿದ್ದರಿಂದ ನನ್ನ ಮೆಡಿಕಲ್‌ಗೆ ತೊಂದರೆ ಆಗುತ್ತಾ?”

ಪೈಲಟ್‌ಗೆ ಕ್ಲಾಸ್ 1 ಮೆಡಿಕಲ್, ಅಂದರೆ ಹಾರಲು ಆರೋಗ್ಯ ಸರಿಯಿದೆ ಎಂಬ ವೈದ್ಯಕೀಯ ಪ್ರಮಾಣಪತ್ರ ಇಲ್ಲದಿದ್ದರೆ ಲೈಸೆನ್ಸ್ ಇದ್ದೂ ಪ್ರಯೋಜನವಿಲ್ಲ. ರವಿಯ ವಯಸ್ಸಿನವರು ಅದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ನಿದ್ದೆ ಬರುತ್ತಿಲ್ಲ ಎಂದು ಬಂದು ಮಾತಾಡುವುದು ಕಾಯಿಲೆಯಲ್ಲ ಎಂದೆ. ಆದರೆ ಮೆಡಿಕಲ್ ಮಾಡುವ ಡಾಕ್ಟರು ಕೇಳಿದ್ದನ್ನು, ಮುಂದೆ ಔಷಧಿ ಬೇಕಾದರೆ ಅದನ್ನೂ, ಅವರಿಂದ ಮುಚ್ಚಿಡಬಾರದು ಎಂದೂ ಹೇಳಿದೆ. ಈ ಒಂದು ಭಯಕ್ಕೇ ಎಷ್ಟೋ ಜನ ಬಾಯಿ ಬಿಡದೆ ಒಳಗೊಳಗೇ ನವೆಯುತ್ತಾರೆ. ನನಗೆ ತುಂಬಾ ಸಂಕಟವಾಗುವ ವಿಷಯ ಇದು.

ರವಿ 200 ಗಂಟೆ ಹಾರಾಟ ಮುಗಿಸಿ ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಲೈಸೆನ್ಸ್) ಪಡೆದು ಎರಡು ವರ್ಷವಾಗಿತ್ತು. ಏರ್‌ಲೈನ್ ಕೆಲಸ ಸಿಕ್ಕಿರಲಿಲ್ಲ. ದೊಡ್ಡ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್ ಎಂಬ ತರಬೇತಿಗೆ ಮತ್ತೆ ಲಕ್ಷಗಟ್ಟಲೆ ಬೇಕು. ಅಪ್ಪ ಆಗಲೇ ಹೆಸರಘಟ್ಟದ ಹತ್ತಿರದ ಸೈಟು ಮಾರಿದ್ದರು. ಜೊತೆಗೆ ಓದಿದವರು ಕಾಕ್‌ಪಿಟ್‌ನ ಫೋಟೋ ಹಾಕುತ್ತಿದ್ದರು. ಒಂದು ದಿನ ಗೆಳೆಯನ ಯೂನಿಫಾರ್ಮ್ ಶರ್ಟ್ ಹಾಕಿಕೊಂಡು, ಹೆಗಲ ಮೇಲೆ ಕೋ-ಪೈಲಟ್‌ನ ಗುರುತಾದ ಮೂರು ಪಟ್ಟಿ ಕಾಣುವ ಹಾಗೆ ಇವನೂ ಒಂದು ಫೋಟೋ ಹಾಕಿದ. ‘ಆಫೀಸಿಗೆ ಹೊರಟೆ’ ಎಂದು ಬರೆದ.

ಅಲ್ಲಿಂದ ಶುರು. ಇನ್‌ಸ್ಟಾಗ್ರಾಮ್‌ನಲ್ಲಿ ನಲವತ್ತು ಸಾವಿರ ಜನ ಹಿಂಬಾಲಿಸತೊಡಗಿದರು. ಸಂಬಂಧಿಕರು ಹೆಣ್ಣು ತೋರಿಸಲು ಬಂದರು. ಅಪ್ಪ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರಿಗೆ ಅದೇ ಫೋಟೋ ತೋರಿಸತೊಡಗಿದರು. ಮಗನಿಗೆ ಕೆಲಸವಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ತೋರಿಸುತ್ತಿದ್ದರು. ಇದನ್ನು ಹೇಳುವಾಗ ರವಿ ಅತ್ತ.

ಆದರೆ ಅವನ ನಿದ್ದೆ ಕೆಡಿಸಿದ್ದು ಶಿರಾ ಕಡೆಯ ಒಬ್ಬ ರೈತರ ಮೆಸೇಜು. ಮಗ ಪಿಯುಸಿ ಮುಗಿಸಿದ್ದ. “ಸರ್, ನೀವು ಹೇಳೋ ಫ್ಲೈಯಿಂಗ್ ಸ್ಕೂಲಿಗೇ ಸೇರಿಸ್ತೀನಿ. ತೋಟ ಅಡ ಇಡೋದಕ್ಕೆ ಮಾತಾಡಿದ್ದೀನಿ.” ಅದೇ ವಾರ ಒಂದು ತರಬೇತಿ ಸಂಸ್ಥೆ, ನಮ್ಮ ಬಗ್ಗೆ ಒಳ್ಳೆಯ ಮಾತು ಹೇಳಿದರೆ ದುಡ್ಡು ಕೊಡುತ್ತೇವೆ ಎಂದು ಕೇಳಿತ್ತು.

“ಎಲ್ಲರೂ ಫೋಟೋ ಹಾಕ್ತಾರಲ್ವಾ ಮೇಡಂ?” ಎಂದ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ನಮ್ಮ ಬೆಂಗಳೂರಿಗೆ ವಿಮಾನ ತಂದಿಳಿಸಿದ್ದನ್ನು ನೆನಪಿಸಿದ. ಹೌದು, ಆ ಫೋಟೋ ನಾನೂ ಹತ್ತು ಜನಕ್ಕೆ ಕಳಿಸಿದ್ದೆ. ಅವರು ಹಾರಿ ಬಂದಮೇಲೆ ತೆಗೆದ ಫೋಟೋ ಅದು ಎಂದೆ. ಸುಮಾರು ಹೊತ್ತು ಸುಮ್ಮನೆ ಕೂತಿದ್ದ.

ಆಮೇಲೆ ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ ಬಗ್ಗೆ ಕೇಳಿದೆ. ಅದರಲ್ಲಿ ಅರ್ಧ ಗಂಟೆ ಜಾಸ್ತಿ ಬರೆಯುತ್ತೀಯಾ? “ಛೆ! ಲೈಸೆನ್ಸೇ ಹೋಗುತ್ತೆ ಮೇಡಂ” ಎಂದ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದ ಕಥೆಯನ್ನು ಅವನೇ ಹೇಳಿದ. ಹೇಳುತ್ತಾ ಹೇಳುತ್ತಾ ಮಾತು ನಿಂತಿತು. ನನಗೆ ಹೇಳುವುದು ಹೆಚ್ಚೇನೂ ಉಳಿಯಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ, ಶಿರಾದವರಿಗೆ ಫೋನ್ ಮಾಡು. ಮೆಸೇಜು ಸಾಲದು, ದನಿ ಕೇಳಿಸಬೇಕು. ನನಗೇ ಇನ್ನೂ ಕೆಲಸವಿಲ್ಲ ಎಂಬ ಮಾತಿನಿಂದಲೇ ಶುರು ಮಾಡು. ಆಮೇಲೆ ನಿನಗೆ ನಿಜವಾಗಿ ಗೊತ್ತಿರುವುದನ್ನು ಹೇಳು. ಅವನಿಗೆ ಗೊತ್ತಿದ್ದದ್ದು ಕಮ್ಮಿಯೇನಲ್ಲ: ಹುಡುಗ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು. ದುಡ್ಡು ಕಟ್ಟುವ ಮುಂಚೆಯೇ ಮೊದಲ ಹಂತದ ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ ಮಾಡಿಸಬೇಕು, ಬಣ್ಣ ಗುರುತಿಸಲಾಗದ ಕಣ್ಣಿನ ದೋಷ ಆಮೇಲೆ ಗೊತ್ತಾದರೆ ತೋಟ ವಾಪಸ್ ಬರುವುದಿಲ್ಲ. ಶೇ. 70 ಅಂಕ ಬೇಕಾಗುವ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಪೇಪರ್‌ಗಳನ್ನು ಆದಷ್ಟು ಮೊದಲೇ ಪಾಸು ಮಾಡಿಕೊಳ್ಳಬೇಕು. ಸ್ಕೂಲಿಗೆ ಹೋಗಿ ಎಷ್ಟು ವಿಮಾನ ನಿಜವಾಗಿ ಹಾರುತ್ತಿವೆ ಎಂದು ಕಣ್ಣಾರೆ ನೋಡಬೇಕು. ಪೂರ್ತಿ ಹಣ ಒಂದೇ ಸಲ ಕೊಡಬಾರದು. ಲೈಸೆನ್ಸ್ ಬಂದಮೇಲೂ ವರ್ಷಗಟ್ಟಲೆ ಕಾಯಬೇಕಾಗಬಹುದು.

ಯೂನಿಫಾರ್ಮ್ ಫೋಟೋ ತೆಗೆದುಹಾಕುವುದಕ್ಕೆ ಒಪ್ಪಿದ. ಆದರೆ ಸದ್ದಿಲ್ಲದೆ ತೆಗೆಯುತ್ತೇನೆ ಎಂದ. ನಾನು ಬಿಡಲಿಲ್ಲ. ನಂಬಿದವರಿಗೆ ನಿಜ ತಿಳಿಯಬೇಕು. ಇಬ್ಬರೂ ಕೂತು ನಾಲ್ಕು ಸಾಲು ಬರೆದೆವು: ನನ್ನ ಹತ್ತಿರ ಸಿಪಿಎಲ್ ಇದೆ, ಏರ್‌ಲೈನ್ ಕೆಲಸ ಇಲ್ಲ, ಆ ಶರ್ಟ್ ನನ್ನದಲ್ಲ, ಕ್ಷಮಿಸಿ. ಗೆಳೆಯನಿಗೂ ಮೊದಲೇ ಹೇಳು ಎಂದೆ, ಅವನ ಕಂಪನಿ ಕೇಳಿದರೆ ಉತ್ತರ ಕೊಡಬೇಕಾದವನು ಅವನು.

ಕೆಲಸ ಸಿಕ್ಕಮೇಲಿನ ಮಾತೂ ಬಂತು. 2023ರಲ್ಲಿ ದೆಹಲಿಯಿಂದ ಗುವಾಹಟಿಗೆ ಹೋಗುತ್ತಿದ್ದ ವಿಮಾನದಲ್ಲಿ ಕಾಕ್‌ಪಿಟ್‌ನ ಇಂಧನದ ಲಿವರ್ ಮೇಲೆ ಕಾಫಿ ಲೋಟ ಇಟ್ಟು ತೆಗೆದ ಒಂದು ಫೋಟೋದಿಂದ ಇಬ್ಬರು ಪೈಲಟ್‌ಗಳನ್ನು ಹಾರಾಟದಿಂದ ಕೆಳಗಿಳಿಸಿದ್ದು ಅವನಿಗೂ ಗೊತ್ತಿತ್ತು. 10,000 ಅಡಿಯ ಕೆಳಗೆ ಕಾಕ್‌ಪಿಟ್‌ನಲ್ಲಿ ಬೇಡದ ಮಾತೇ ಆಡಬಾರದು ಎಂಬ ಶಿಸ್ತು ಇರುವ ಕೆಲಸ ಅದು. ಡ್ಯೂಟಿ ಇದ್ದಾಗ ಫೋನ್ ಬ್ಯಾಗಿನೊಳಗೇ ಇರಲಿ ಎಂದಷ್ಟೇ ಹೇಳಿದೆ.

ಕಾಯುವ ಕಾಲಕ್ಕೆ ಏನಾದರೂ ದುಡಿಮೆ ಬೇಕಿತ್ತು. ಪಾಠ ಹೇಳುವುದು ತನಗಿಂತ ಕೆಳಗಿನದು ಎನ್ನುತ್ತಿದ್ದವನು ಮೂರನೇ ಭೇಟಿಯ ಹೊತ್ತಿಗೆ ಒಪ್ಪಿದ. ಈಗ ವಾರಕ್ಕೆ ಮೂರು ದಿನ ಪೈಲಟ್ ಆಗಲು ಓದುವ ಹುಡುಗರಿಗೆ ಹವಾಮಾನ ಶಾಸ್ತ್ರ ಹೇಳಿಕೊಡುತ್ತಾನೆ. ಬಂದ ಹಣದಲ್ಲಿ ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿಯೇ ಹಾರುವ ಅರ್ಹತೆ) ಚಾಲ್ತಿಯಲ್ಲಿಟ್ಟುಕೊಂಡಿದ್ದಾನೆ.

ನಾಲ್ಕು ಸಾಲು ಹಾಕಿದ ದಿನ ಕೆಲವರು ಬೈದರು, ಒಂಬತ್ತು ಸಾವಿರ ಜನ ಬಿಟ್ಟುಹೋದರು. ಶಿರಾದವರು ಮಾತ್ರ ಮಗನನ್ನು ಕರೆದುಕೊಂಡು ಯಲಹಂಕದ ಮನೆಗೇ ಬಂದಿದ್ದರಂತೆ. ತೋಟದ ಮಾತು ಸದ್ಯಕ್ಕೆ ನಿಂತಿದೆ, ಹುಡುಗ ಮೊದಲು ಮೆಡಿಕಲ್ ಮಾಡಿಸುತ್ತಾನೆ.

ಅಪ್ಪ ಇನ್ನೂ ಪಾರ್ಕಿಗೆ ಹೋಗಲು ಒಪ್ಪುತ್ತಿಲ್ಲ. ಮುಂದಿನ ಶನಿವಾರ ಅವರನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ ರವಿ.