ಅಮ್ಮ ಬರ್ತಾರೆ, ಪರೀಕ್ಷೆನೂ ಬರುತ್ತೆ

ಪ್ರಶ್ನೆ: ಅಕ್ಕಾ, ನಾನು ಎಡಿನ್‌ಬರೋದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಅಪ್ಪ, ಅಮ್ಮ, ಸೋದರತ್ತೆ ಮೂವರೂ ಮೇ 2ಕ್ಕೆ ಬರುತ್ತಿದ್ದಾರೆ, 24ಕ್ಕೆ ವಾಪಸ್. ಟಿಕೆಟ್ ಆದ ಮೇಲೆಯೇ ನನಗೆ ಹೇಳಿದ್ದು. ನನ್ನ ಕೊನೆಯ ಪರೀಕ್ಷೆಗಳು ಮೇ 5, 11 ಮತ್ತು 20. ಅಮ್ಮನಿಗೆ ಲಾಕ್ ನೆಸ್ ಸರೋವರ ನೋಡಬೇಕು. ಲಂಡನ್ನಿನ ಚಿಕ್ಕಪ್ಪ ‘8ನೇ ತಾರೀಕು ಎಲ್ಲರೂ ಬರಲೇಬೇಕು’ ಅಂತ ಹಟ ಹಿಡಿದಿದ್ದಾರೆ. ಅತ್ತೆಗೆ ಮಂಡಿನೋವು. ಓದೋದಿದೆ ಅಂದರೆ ‘ಅಷ್ಟು ದೂರದಿಂದ ಬರ್ತೀವಿ, ನಮ್ಮ ಜೊತೆ ಓಡಾಡೋಕೆ ಟೈಮ್ ಇಲ್ವಾ?’ ಅಂತ ಅಮ್ಮನ ದನಿ ಸಣ್ಣಗಾಗುತ್ತದೆ. ಒಂದು ಪೇಪರ್ ಮುಂದಕ್ಕೆ ಹಾಕಿಸಿಕೊಳ್ಳಲಾ?
— ಹೆಸರು ಬೇಡ, ಎಡಿನ್‌ಬರೋ

ಉತ್ತರ: ತಂಗೀ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಬೇಡ. ಕಾಯಿಲೆ, ಮನೆಯಲ್ಲಿ ಸಾವು ಅಂಥದ್ದಕ್ಕೆ ಕೇಳಬಹುದು. ನೆಂಟರು ಬಂದಿದ್ದಾರೆ ಅಂದರೆ ಅಲ್ಲಿ ಯಾರೂ ಒಪ್ಪುವುದಿಲ್ಲ. ಸುಳ್ಳು ಜ್ವರದ ಯೋಚನೆ ಬಂದಿದ್ದರೆ ಅದನ್ನೂ ಬಿಡು.

ನಾನೂ ಅದೇ ಊರಲ್ಲಿ ಓದಿದವಳು. ನನ್ನ ಅಪ್ಪ ಅಮ್ಮನೂ ಪರೀಕ್ಷೆ ಹೊತ್ತಿಗೇ ಬಂದರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಪೇಪರಿನ ಹಿಂದಿನ ದಿನ ಅವರನ್ನು ಲಾಕ್ ನೆಸ್‌ಗೆ ಕರೆದುಕೊಂಡು ಹೋದೆ. ಹೋಗಿ ಬರೋಕೆ ಹನ್ನೆರಡು ಗಂಟೆ, ಬಹುಪಾಲು ಬಸ್ಸಿನಲ್ಲೇ. ತೊಡೆ ಮೇಲೆ ನೋಟ್ಸ್ ಇಟ್ಟುಕೊಂಡು ಕೂತಿದ್ದೆ. ಗ್ಲೆನ್‌ಕೋ ಕಣಿವೆ ಬಂದಾಗ ಅಮ್ಮ ‘ನೋಡೇ, ನೋಡೇ’ ಅಂತ ತೋಳು ಹಿಡಿದು ಅಲ್ಲಾಡಿಸಿದರು. ‘ಸುಮ್ನಿರಮ್ಮಾ’ ಅಂದುಬಿಟ್ಟೆ. ಬಸ್ಸಲ್ಲಿದ್ದ ಅರ್ಧ ಜನ ತಿರುಗಿ ನೋಡಿದರು. ಆ ಪೇಪರಲ್ಲಿ ಎಷ್ಟು ಬಂತು ಅಂತ ಈಗ ನೆನಪಿಲ್ಲ. ಅಮ್ಮ ಕೈ ತೆಗೆದದ್ದು ನೆನಪಿದೆ.

ಮರುದಿನ ನಾನು ಪರೀಕ್ಷೆಗೆ ಹೋದೆ. ಬೇರೆ ದಾರಿ ಇಲ್ಲದೆ ಅವರಿಬ್ಬರೇ ಪ್ರಿನ್ಸಸ್ ಸ್ಟ್ರೀಟಿಗೆ ಹೋದರು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಕೋಟೆ ಮೇಲಿಂದ ಢಂ ಅಂತ ತೋಪು! ಅಮ್ಮ ಕಿರುಚಿದರಂತೆ. ಅಪ್ಪ ಅವರಿವರನ್ನು ಕೇಳಿ ಎಲ್ಲ ತಿಳಿದುಕೊಂಡು ಬಂದರು. 1861ರಿಂದ ಹಾರಿಸುತ್ತಿದ್ದಾರೆ, ಬಂದರಿನ ಹಡಗಿನವರು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ ಶುರುವಾದದ್ದು ಅಂತೆಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳುತ್ತಲೇ ಇದ್ದರು. ಎಂಟು ತಿಂಗಳಿಂದ ಅಲ್ಲಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಿಂದಿನ ದಿನ ಅಷ್ಟು ದೊಡ್ಡ ಸರೋವರ ತೋರಿಸಿದ್ದೆನಲ್ಲ, ಅದರ ಮಾತನ್ನೇ ಯಾರೂ ಎತ್ತಲಿಲ್ಲ.

ಅದಕ್ಕೇ ಹೇಳುತ್ತೇನೆ, ನೀನು ಗೈಡ್ ಆಗಬೇಡ. ಅವರಿಗೆ ಒಂದು ಬಸ್ ಹತ್ತಿ ಇಳಿಯೋದು ಕಲಿಸು, ಸಾಕು. ಬಂದ ಮರುದಿನ ಬೊಟಾನಿಕ್ ಗಾರ್ಡನ್ನಿಗೆ ಜೊತೆಯಲ್ಲಿ ಹೋಗಿ ಬಾ. 1670ರಲ್ಲಿ ಶುರುವಾದ ತೋಟ, ಒಳಗೆ ಹೋಗೋಕೆ ದುಡ್ಡಿಲ್ಲ. ವಾಪಸ್ ಬರುವಾಗ ಅಪ್ಪ ಮುಂದೆ, ನೀನು ಹಿಂದೆ. ಬಸ್ಸಿನಲ್ಲಿ ಕಾರ್ಡ್ ತಾಗಿಸಿದರೆ ಆಯಿತು, ಆದರೆ ತಲೆಗೊಂದು ಕಾರ್ಡ್ ಬೇಕು. ಹೊರದೇಶದಲ್ಲಿ ಬಳಸೋಕೆ ಬ್ಯಾಂಕಿನಲ್ಲಿ ಚಾಲೂ ಮಾಡಿಸಿಕೊಂಡೇ ಹೊರಡಲಿ. ಇದನ್ನು ಈಗಲೇ ಹೇಳು, ವಿಮಾನ ಇಳಿದ ಮೇಲಲ್ಲ.

ಅತ್ತೆಗೆ ಚೇಂಬರ್ಸ್ ಸ್ಟ್ರೀಟಿನ ನ್ಯಾಷನಲ್ ಮ್ಯೂಸಿಯಂ ಒಳ್ಳೆಯದು. ಅದೂ ಪುಕ್ಕಟೆ. ಬೆಳಿಗ್ಗೆ 10ರಿಂದ ಸಂಜೆ 5. ಲಿಫ್ಟ್ ಇದೆ, ಕೂರೋಕೆ ಜಾಗ ಇದೆ, ಕ್ಲೋನ್ ಮಾಡಿದ ಕುರಿ ಡಾಲಿನೂ ಗಾಜಿನ ಪೆಟ್ಟಿಗೆಯಲ್ಲಿ ನಿಂತಿದೆ. ನೀನು ಓದೋದು ಜಾರ್ಜ್ ಸ್ಕ್ವೇರ್ ಲೈಬ್ರರಿಯಲ್ಲಾದರೆ ಅಲ್ಲಿಗೆ ನಡೆದೇ ಹೋಗಬಹುದು. ಮಧ್ಯಾಹ್ನ ಅರ್ಧ ಗಂಟೆ ಅವರ ಜೊತೆ ಊಟ ಮಾಡಿ ಬಾ. ಆರ್ಥರ್ಸ್ ಸೀಟ್ ಬೆಟ್ಟ 251 ಮೀಟರ್, ಅದನ್ನು ಅಪ್ಪನಿಗೆ ಬಿಡು.

ಸಂಜೆ ಐದರ ಮೇಲೆ ಅವರದು. ಮೇನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದಲ್ವಾ, ನಾಲ್ಕು ಗಂಟೆ ಸಿಗುತ್ತದೆ. 5ನೇ ತಾರೀಕಿನ ಪೇಪರ್ ಮುಗಿದ ಸಂಜೆ ಫೋರ್ತ್ ಸೇತುವೆಗೆ ಕರೆದುಕೊಂಡು ಹೋಗು. 1890ರ ಕೆಂಪು ರೈಲು ಸೇತುವೆ, ಎರಡೂವರೆ ಕಿಲೋಮೀಟರ್. ಡಾಲ್ಮೆನಿ ಸ್ಟೇಷನ್ನಿಂದ ಕೆಳಗಿಳಿಯೋಕೆ ಮೆಟ್ಟಿಲು ಜಾಸ್ತಿ, ಅತ್ತೆ ಇದ್ದಾರೆ ಅಂತ ಸೇತುವೆ ಬುಡದ ಊರು ಸೌತ್ ಕ್ವೀನ್ಸ್‌ಫೆರಿಗೆ ಬಸ್ಸಲ್ಲೇ ಹೋಗಿ.

ಚಿಕ್ಕಪ್ಪನ ಹಟ ನಿನಗೆ ವರ. ಮೂವರನ್ನೂ 8ಕ್ಕೆ ವೇವರ್ಲಿಯಲ್ಲಿ ರೈಲು ಹತ್ತಿಸು. ಸುಮಾರು ನಾಲ್ಕೂವರೆ ಗಂಟೆಗೆ ಕಿಂಗ್ಸ್ ಕ್ರಾಸ್. ಅಲ್ಲಿ ಚಿಕ್ಕಪ್ಪ ನಿಂತಿರುತ್ತಾರೆ. 12ಕ್ಕೆ ವಾಪಸ್ ಬರಲಿ. 11ರ ಪೇಪರಿಗೆ ನಿನಗೆ ಮೂರು ದಿನ ಪೂರ್ತಿ. ನೀನು ಬರುವುದಿಲ್ಲ ಅನ್ನೋದನ್ನು ಚಿಕ್ಕಪ್ಪನಿಗೆ ನೀನೇ ಹೇಳಬೇಡ, ಅಪ್ಪನ ಕೈಲಿ ಹೇಳಿಸು. ಅಣ್ಣನ ಮಾತಿಗೆ ಅವರು ಎದುರಾಡಲ್ಲ. ನಿನ್ನ ಮಾತಿಗಾದರೆ ಮುಕ್ಕಾಲು ಗಂಟೆ ಫೋನ್.

ಲಾಕ್ ನೆಸ್ 21ಕ್ಕೆ. ತಾರೀಕನ್ನು ಅಮ್ಮನಿಗೆ ಈಗಲೇ ಹೇಳಿ, ಟಿಕೆಟನ್ನೂ ಈಗಲೇ ತೆಗೆದು ಕಳಿಸು. ‘ಆಮೇಲೆ ಹೋಗೋಣ’ ಅಂದರೆ ಅಮ್ಮಂದಿರು ನಂಬಲ್ಲ, ಟಿಕೆಟ್ ನಂಬುತ್ತಾರೆ.

ನಿನ್ನ ಹಾಸ್ಟೆಲಿನಲ್ಲಿ ಮೂವರನ್ನು ಮೂರು ವಾರ ಇಟ್ಟುಕೊಳ್ಳೋಕೆ ಬಿಡೋದು ಅನುಮಾನ. ಬಾಡಿಗೆ ಮನೆ ಹಿಡಿ. ಪೇಪರಿನ ಹಿಂದಿನ ರಾತ್ರಿ ಮಾತ್ರ ಹಾಸ್ಟೆಲಿಗೆ ಬಂದು ಮಲಗು. ಅಮ್ಮ ಡಬ್ಬಿ ಕಟ್ಟಿಕೊಡುತ್ತಾರೆ, ತೆಗೆದುಕೊಂಡು ಹೋಗು.

ಹಾಂ, ಭಾನುವಾರ ತೋಪು ಹಾರಿಸುವುದಿಲ್ಲ. ನಿಮ್ಮವರು ಬಂದ ಮರುದಿನ ಭಾನುವಾರ. ಅವತ್ತೇ ಅಪ್ಪನನ್ನು ಕೋಟೆ ಕೆಳಗೆ ನಿಲ್ಲಿಸಿ ಕಾಯಿಸಬೇಡ.