ನ್ಯೂ ಹ್ಯಾಂಪ್‌ಶೈರ್‌ನ ಶರತ್ಕಾಲದ ಎಲೆಗಳನ್ನು ನೋಡಲು ಎಂಟು ಮಂದಿ ಬೈಕ್‌ಗಳಲ್ಲಿ ಒಟ್ಟಿಗೆ ಹೋಗಬಹುದೇ?

ಬೆಂಗಳೂರಿನಲ್ಲಿದ್ದಾಗ ವಾರಾಂತ್ಯಗಳಲ್ಲಿ ಸಕಲೇಶಪುರ, ಚಿಕ್ಕಮಗಳೂರಿನ ಕಡೆಗೆ ಬೈಕ್ ಓಡಿಸಿದ ರೂಢಿಯುಳ್ಳ ಎಂಟು ಗೆಳೆಯರು ಈಗ ಅಮೆರಿಕದ ಬಾಸ್ಟನ್ ಸುತ್ತಮುತ್ತ ನೆಲೆಸಿದ್ದು, ಎಲೆಗಳು ಹಳದಿ, ಕೆಂಪು ಬಣ್ಣಕ್ಕೆ ತಿರುಗುವ ಅಕ್ಟೋಬರ್‌ನಲ್ಲಿ ಬಾಡಿಗೆ ಬೈಕ್‌ಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ರಾಜ್ಯಗಳನ್ನು ಎರಡು ದಿನಗಳಲ್ಲಿ ಸುತ್ತಿಬರಬಹುದೇ ಎಂದು ಕೇಳಿದ್ದೀರಿ. ಹೋಗಬಹುದು. ಆದರೆ ಎಂಟು ಬೈಕ್‌ಗಳು ಒಂದೇ ಸಾಲಿನಲ್ಲಿ ಹೋಗಬೇಡಿ, ಮತ್ತು ಎರಡೇ ದಿನಗಳಿದ್ದರೆ ವರ್ಮಾಂಟನ್ನು ಈ ಬಾರಿಗೆ ಬಿಟ್ಟುಬಿಡಿ. ಮ್ಯಾಸಚೂಸೆಟ್ಸ್‌ಗೆ ಬಂದಂದಿನಿಂದ ಶರತ್ಕಾಲದಲ್ಲಿ ಈ ರಸ್ತೆಗಳಲ್ಲಿ ಒಬ್ಬನೇ ಹೋಗಿದ್ದೇನೆ, ಗುಂಪಿನಲ್ಲಿಯೂ ಹೋಗಿದ್ದೇನೆ. ಗುಂಪಿನಲ್ಲಿ ಹೋಗುವವನಿಗೆ ಓಡಿಸುತ್ತಿರುವಾಗ ಎಲೆಗಳು ಹೆಚ್ಚೇನೂ ಕಾಣುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು ಹೊರಡುವುದು ಒಳ್ಳೆಯದು. ಅವನ ಕಣ್ಣು ಮುಂದಿನ ಬೈಕಿನ ಮೇಲೆ, ಕನ್ನಡಿಯ ಮೇಲೆ, ಮುಂದಿನ ತಿರುವಿನ ಮೇಲೆ ಇರಬೇಕಾಗುತ್ತದೆ. ಆದ್ದರಿಂದ ಎಲ್ಲೆಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಆ ನಿಲುಗಡೆಗಳನ್ನು ಜೋಡಿಸುವ ದಾರಿಯನ್ನು ಆಮೇಲೆ ಆರಿಸಿಕೊಳ್ಳಬೇಕು.

ದಾರಿಯ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಮೊದಲ ದಿನ ಬೆಳಿಗ್ಗೆ ಬಾಸ್ಟನ್‌ನಿಂದ ಇಂಟರ್‌ಸ್ಟೇಟ್ 93 ಹೆದ್ದಾರಿಯಲ್ಲಿ ಸುಮಾರು 210 ಕಿ.ಮೀ. ಉತ್ತರಕ್ಕೆ ಸಾಗಿ ಮಧ್ಯಾಹ್ನದ ಹೊತ್ತಿಗೆ ಲಿಂಕನ್ ಊರನ್ನು ತಲುಪಿ, ಅಲ್ಲಿ ಊಟ ಮುಗಿಸಿ ಪೆಟ್ರೋಲ್ ತುಂಬಿಸಿಕೊಳ್ಳಿ. ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 55 ಕಿ.ಮೀ. ಉದ್ದಕ್ಕೆ ಹಬ್ಬಿರುವ ಕ್ಯಾಂಕಾಮಾಗಸ್ ಹೆದ್ದಾರಿಯಲ್ಲಿ ಒಂದೇ ಒಂದು ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಕೂಡ ಇಲ್ಲ. ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯದ ನಡುವೆ ಹಾದುಹೋಗುವ ಈ ರಸ್ತೆ ಸುಮಾರು 2,855 ಅಡಿ ಎತ್ತರದ ಕಣಿವೆದಾರಿಯನ್ನು ಏರಿ ಇಳಿಯುತ್ತದೆ. ಇದನ್ನು ಮಧ್ಯಾಹ್ನದ ನಂತರ ಪಶ್ಚಿಮದಿಂದ ಪೂರ್ವಕ್ಕೆ ಕ್ರಮಿಸಿದರೆ, ಅಕ್ಟೋಬರ್‌ನಲ್ಲಿ ಬೇಗನೆ ಕೆಳಗಿಳಿಯುವ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಎದುರು ದಿಕ್ಕಿನಲ್ಲಿ ಹೋದವರಿಗೆ ಹೆಲ್ಮೆಟ್ಟಿನ ಗಾಜಿನ ಮೇಲೆ ನೇರವಾಗಿ ಬೀಳುವ ಆ ಬೆಳಕಿನಲ್ಲಿ ತಿರುವುಗಳೇ ಸರಿಯಾಗಿ ಕಾಣುವುದಿಲ್ಲ. ಹ್ಯಾನ್‌ಕಾಕ್ ವೀಕ್ಷಣಾ ತಾಣ, ಸ್ಯಾಬಡೇ ಜಲಪಾತ, 1858ರಲ್ಲಿ ಕಟ್ಟಿದ ಆಲ್ಬನಿಯ ಚಾವಣಿಯುಳ್ಳ ಮರದ ಮುಚ್ಚುಸೇತುವೆ, ಈ ಮೂರೂ ಕಡೆ ನಿಧಾನವಾಗಿ ನಿಂತು ನೋಡಿ. ರಾತ್ರಿ ನಾರ್ತ್ ಕಾನ್ವೇಯಲ್ಲಿ ತಂಗಿ, ಮರುದಿನ ಬೆಳಿಗ್ಗೆ 302ನೇ ಹೆದ್ದಾರಿಯಲ್ಲಿ ವಾಯವ್ಯಕ್ಕೆ ಹೊರಟು ಕ್ರಾಫರ್ಡ್ ನಾಚ್ ಕಣಿವೆಯನ್ನು ಹಾದು, ಟ್ವಿನ್ ಮೌಂಟನ್ ಮತ್ತು ಫ್ರಾಂಕೋನಿಯಾ ನಾಚ್ ಮೂಲಕ 93ಕ್ಕೆ ಬಂದು ಸೇರಬಹುದು. ಆಗಲೂ ಬೆಳಗಿನ ಸೂರ್ಯ ಹಿಂದೆಯೇ ಇರುತ್ತಾನೆ. ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ವಿಶ್ವಬ್ಯಾಂಕಿಗೂ ಅಡಿಪಾಯ ಹಾಕಿದ 1944ರ ಸಮ್ಮೇಳನ ನಡೆದ ಬ್ರೆಟನ್ ವುಡ್ಸ್‌ನ ಬಿಳಿಯ ಹೋಟೆಲ್ ಈ ರಸ್ತೆಯಿಂದಲೇ ಕಾಣುತ್ತದೆ. ನಿಮ್ಮ ಗುಂಪಿನಲ್ಲಿ ಅರ್ಥಶಾಸ್ತ್ರ ಓದಿದವರಿದ್ದರೆ ಅಲ್ಲಿ ಇನ್ನೊಂದು ಗಂಟೆ ಕಳೆಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಗುಂಪಿನ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಮೆರಿಕದ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್ ಒಂದು ಗುಂಪಿನಲ್ಲಿ ಐದರಿಂದ ಏಳು ಬೈಕ್‌ಗಳಿದ್ದರೆ ಸಾಕೆನ್ನುತ್ತದೆ. ಎಲೆಗಳ ಕಾಲದ ದಟ್ಟಣೆಯಲ್ಲಿ ಅದಕ್ಕಿಂತಲೂ ಚಿಕ್ಕ ಗುಂಪು ವಾಸಿ. ನಾಲ್ಕು ನಾಲ್ಕಾಗಿ ಬೇರ್ಪಟ್ಟು, ಎರಡನೆಯ ಗುಂಪು ಹತ್ತು ನಿಮಿಷ ತಡವಾಗಿ ಹೊರಡಲಿ. ನೇರವಾದ ರಸ್ತೆಯಲ್ಲಿ ಮುಂದಾಳು ತನ್ನ ಲೇನಿನ ಎಡಭಾಗದಲ್ಲಿಯೂ, ಎರಡನೆಯವರು ಒಂದು ಸೆಕೆಂಡ್ ಹಿಂದೆ ಬಲಭಾಗದಲ್ಲಿಯೂ, ಮೂರನೆಯವರು ಮುಂದಾಳುವಿನಿಂದ ಎರಡು ಸೆಕೆಂಡ್ ಹಿಂದೆ ಮತ್ತೆ ಎಡಭಾಗದಲ್ಲಿಯೂ ಬರುವುದು ರೂಢಿ. ತಿರುವುಗಳು ಆರಂಭವಾದ ಕೂಡಲೇ ಈ ಜೋಡಣೆಯನ್ನು ಬಿಟ್ಟು ಒಬ್ಬರ ಹಿಂದೆ ಒಬ್ಬರಾಗಿ, ಅಂತರವನ್ನೂ ಹೆಚ್ಚಿಸಿಕೊಂಡು ಸಾಗಬೇಕು. ಅನುಭವಿಗಳಲ್ಲಿ ಒಬ್ಬರು ಮುಂದೆಯೂ ಒಬ್ಬರು ಕೊನೆಯಲ್ಲಿಯೂ ಇರಲಿ. ಹೊಸಬರನ್ನು ಮುಂದಾಳುವಿನ ಬೆನ್ನ ಹಿಂದೆಯೇ ಇರಿಸಿ. ಅವರನ್ನು ಹಿಂದಕ್ಕೆ ತಳ್ಳಿದರೆ, ತಪ್ಪಿಹೋದ ಅಂತರವನ್ನು ತುಂಬಿಕೊಳ್ಳುವ ಆತುರದಲ್ಲಿ ತಮ್ಮ ಅಳವಿಗೆ ಮೀರಿದ ವೇಗದಲ್ಲಿ ತಿರುವಿಗೆ ನುಗ್ಗುತ್ತಾರೆ. ಮುಂದಿನವರು ಕಾರನ್ನು ಹಿಂದಿಕ್ಕಿದರೆಂದು ಹಿಂದಿನವರೂ ಅವರ ಬೆನ್ನುಹತ್ತಿ ಹೋಗಬಾರದು; ಎದುರು ರಸ್ತೆ ಖಾಲಿಯಿದೆಯೇ ಎಂದು ಪ್ರತಿಯೊಬ್ಬರೂ ತಾವೇ ನೋಡಿ ನಿರ್ಧರಿಸಬೇಕು. ಈ ಕಾಲದಲ್ಲಿ ಎಲೆ ನೋಡಲು ಬಂದ ಕಾರಿನವರು ಒಂದು ಕೆಂಪು ಮರ ಕಂಡೊಡನೆ ಸೂಚನೆಯೇ ಇಲ್ಲದೆ ಬ್ರೇಕ್ ಒತ್ತುತ್ತಾರೆ. ಗುಂಪಿಗೆ ನಾನು ಕಂಡ ಅತಿ ದೊಡ್ಡ ಅಪಾಯ ಇದೇ. ಕ್ಯಾಂಕಾಮಾಗಸ್‌ನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆದ್ದರಿಂದ ಬೇರ್ಪಟ್ಟವರು ಎಲ್ಲಿ ಸೇರಬೇಕೆಂಬುದನ್ನು ಹೊರಡುವ ಮುನ್ನವೇ ಮಾತಾಡಿಕೊಂಡಿರಬೇಕು.

ಇಲ್ಲಿನ ರಸ್ತೆಯೂ ಅಕ್ಟೋಬರ್‌ನಲ್ಲಿ ಬೇರೆಯೇ ಆಗಿರುತ್ತದೆ. ಮಳೆಯ ನಂತರ ಉದುರಿ ಒದ್ದೆಯಾಗಿ ಅಂಟಿಕೊಂಡ ಎಲೆಗಳ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ, ಮತ್ತು ಆ ಎಲೆಗಳ ಕೆಳಗೆ ಜಲ್ಲಿಯಿದೆಯೋ ಗುಂಡಿಯಿದೆಯೋ ತಿಳಿಯುವುದಿಲ್ಲ. ಬೆಳಗಿನ ಹೊತ್ತು ನೆರಳಿರುವ ತಿರುವುಗಳಲ್ಲಿ ಮತ್ತು ಸೇತುವೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿರಬಹುದು. ಮುಚ್ಚುಸೇತುವೆಯ ಮರದ ಹಲಗೆಗಳು ಒದ್ದೆಯಾಗಿದ್ದರೆ ಅವುಗಳ ಮೇಲೆ ಬ್ರೇಕ್ ಹಾಕದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಬೇಕು. ಚಳಿಯನ್ನೂ ಕಡೆಗಣಿಸಬೇಡಿ. ಹೊರಗೆ 10 ಡಿಗ್ರಿ ಸೆಲ್ಸಿಯಸ್ ಇದ್ದರೆ, ಗಂಟೆಗೆ 90 ಕಿ.ಮೀ. ವೇಗದ ಗಾಳಿಯಲ್ಲಿ ಮೈಗೆ 4 ಡಿಗ್ರಿಯ ಚಳಿ ತಟ್ಟುತ್ತದೆ, ಬೆರಳುಗಳು ಮರಗಟ್ಟಿದರೆ ಕ್ಲಚ್ಚೂ ಬ್ರೇಕೂ ತಡವಾಗುತ್ತವೆ. ಸಂಜೆ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಜಿಂಕೆಗಳೂ ಮೂಸ್ ಎಂಬ ಭಾರಿ ಗಾತ್ರದ ಜಿಂಕೆಜಾತಿಯ ಪ್ರಾಣಿಗಳೂ ರಸ್ತೆಗಿಳಿಯುವುದು ಆ ಮಬ್ಬಿನಲ್ಲಿಯೇ. ಮೂಸ್ ಕಡುಬಣ್ಣದ್ದಾದ್ದರಿಂದ ಮಬ್ಬಿನಲ್ಲಿ ಕಾಣುವುದೇ ಕಷ್ಟ, ಎತ್ತರವಾದ ಪ್ರಾಣಿಯಾದ್ದರಿಂದ ಹೆಡ್‌ಲೈಟಿನ ಬೆಳಕು ಅದರ ಕಣ್ಣಿಗೆ ಬಿದ್ದು ಹೊಳೆಯುತ್ತದೆ ಎಂದೂ ನಂಬಿಕೊಂಡಿರುವಂತಿಲ್ಲ. ಐದು ಗಂಟೆಗೆಲ್ಲ ತಂಗುವ ಜಾಗ ಸೇರಿಬಿಡಿ.

ಪರವಾನಗಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿನ ಕಾರಿನ ಲೈಸೆನ್ಸ್‌ನಲ್ಲಿ ಬೈಕ್ ಓಡಿಸುವಂತಿಲ್ಲ. ಎಂಟೂ ಮಂದಿಗೆ ಮೋಟರ್‌ಸೈಕಲ್ಲಿನ ಅನುಮತಿ ಪ್ರತ್ಯೇಕವಾಗಿ ಇರಬೇಕು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 18 ದಾಟಿದವರಿಗೆ ಹೆಲ್ಮೆಟ್ ಕಡ್ಡಾಯವಲ್ಲ, ಮ್ಯಾಸಚೂಸೆಟ್ಸ್ ಮತ್ತು ವರ್ಮಾಂಟ್‌ಗಳಲ್ಲಿ ಎಲ್ಲರಿಗೂ ಕಡ್ಡಾಯ. ಗಡಿ ದಾಟಿದೊಡನೆ ಹೆಲ್ಮೆಟ್ ಕಳಚುವವರನ್ನು ನೀವು ನೋಡುತ್ತೀರಿ, ಅವರನ್ನು ಅನುಸರಿಸಬೇಡಿ. ಬೆಂಗಳೂರಿನಲ್ಲಿ ಓಡಿಸಿದ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆ.ಜಿ. ತೂಗಿದರೆ, ಇಲ್ಲಿ ಬಾಡಿಗೆಗೆ ಸಿಗುವ ದೊಡ್ಡ ಟೂರಿಂಗ್ ಬೈಕ್‌ಗಳು 350 ಕೆ.ಜಿ.ಗೂ ಮೀರುತ್ತವೆ. ನಿಲ್ಲಿಸುವಾಗ, ಇಳಿಜಾರಿನ ಜಾಗದಲ್ಲಿ ತಿರುಗಿಸುವಾಗ ಈ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ವೀಕ್ಷಣಾ ತಾಣದಿಂದ ಮತ್ತೆ ರಸ್ತೆಗಿಳಿಯುವಾಗ ಊರಿನ ಅಭ್ಯಾಸಬಲದಿಂದ ಎಡಕ್ಕೆ ಹೋಗಿಬಿಡುವ ಸಾಧ್ಯತೆಯಿದೆ. ಮುಂದಾಳು ಪ್ರತಿ ಸಲವೂ ಕೈಯೆತ್ತಿ ಬಲಬದಿಯನ್ನು ತೋರಿಸಲಿ.

ಇನ್ನು ಯಾವ ವಾರ ಹೋಗಬೇಕು ಎಂಬ ಪ್ರಶ್ನೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ತುದಿಯಿಂದ ಕಣಿವೆಗೆ ಇಳಿದುಬರುತ್ತದೆ. ವೈಟ್ ಮೌಂಟನ್ಸ್‌ನಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಎರಡನೆಯ ವಾರದವರೆಗೆ ಅದು ಉತ್ತುಂಗದಲ್ಲಿರುತ್ತದೆ. ಎಲೆಯಲ್ಲಿ ಪತ್ರಹರಿತ್ತು ಕರಗಿದಾಗ ಮೊದಲೇ ಇದ್ದ ಹಳದಿ ಹೊರಬೀಳುತ್ತದೆ. ಬರ್ಚ್ ಮರಗಳ ಬಣ್ಣ ಅದು. ಮೇಪಲ್ ಮರದ ಕೆಂಪು ಮಾತ್ರ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹೊಸದಾಗಿ ಹುಟ್ಟುವುದರಿಂದ ಬರುತ್ತದೆ, ಮತ್ತು ಅದಕ್ಕೆ ಬಿಸಿಲಿನ ಹಗಲೂ ತಂಪಾದ, ಆದರೆ ಹೆಪ್ಪುಗಟ್ಟದ ರಾತ್ರಿಯೂ ಬೇಕು. ನಮ್ಮೂರಿನ ಮಾವಿನ ಚಿಗುರಿನ ತಾಮ್ರಗೆಂಪಿಗೂ ಇದೇ ದ್ರವ್ಯ ಕಾರಣ. ಅಲ್ಲಿ ಎಲೆ ಹುಟ್ಟುವಾಗ ಕಂಡದ್ದು ಇಲ್ಲಿ ಉದುರುವ ಮುನ್ನ ಕಾಣುತ್ತದೆ. ಅಕ್ಟೋಬರ್ ಎರಡನೆಯ ಸೋಮವಾರ ರಜೆಯಿರುವುದರಿಂದ ಅದಕ್ಕೆ ಸೇರಿದ ವಾರಾಂತ್ಯದಲ್ಲಿ ದಟ್ಟಣೆ ವಿಪರೀತ. ರಜೆ ಹಾಕಿಯಾದರೂ ಮಂಗಳವಾರ, ಬುಧವಾರಗಳಂದು ಹೋಗಿ.

ವರ್ಮಾಂಟ್ ಏಕೆ ಬೇಡವೆಂದರೆ, ಅಲ್ಲಿನ 100ನೇ ಹೆದ್ದಾರಿಯನ್ನು ನಿಂತು ನಿಂತು ನೋಡಲು ಒಂದೂವರೆ ದಿನವಾದರೂ ಬೇಕು, ಮತ್ತು ಅಲ್ಲಿನ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಾಂಬರಿಲ್ಲದವು. ಭಾರದ ಬೈಕ್‌ಗಳಿಗೆ ಅವು ಹಿತವಲ್ಲ. ಫೋಟೊಗಳಲ್ಲಿ ಪ್ರಸಿದ್ಧವಾದ ತೋಟವೊಂದರ ಮುಂದೆ ಜನಜಂಗುಳಿ ಮಿತಿಮೀರಿದ್ದರಿಂದ ಪಾಮ್‌ಫ್ರೆಟ್ ಊರಿನವರು 2023ರ ಶರತ್ಕಾಲದಲ್ಲಿ ಕ್ಲೌಡ್‌ಲ್ಯಾಂಡ್ ರಸ್ತೆಯನ್ನು ಹೊರಗಿನವರಿಗೆ ಮುಚ್ಚಿಯೇಬಿಟ್ಟರು. ಅಂಥ ಕಡೆ ಬೈಕ್‌ಗಳ ಗುಂಪೊಂದು ಸದ್ದುಮಾಡುತ್ತ ಹೋಗುವುದು ಊರಿನವರಿಗೂ ನಿಮಗೂ ಸಂತೋಷದ ವಿಷಯವಾಗಲಾರದು.

ನಿಮ್ಮ ದಿನಗಳಂದು ಮಳೆಯ ಮುನ್ಸೂಚನೆಯಿದ್ದರೆ ಬೈಕ್‌ಗಳನ್ನು ರದ್ದುಮಾಡಿ ಎರಡು ಕಾರುಗಳಲ್ಲಿ ಹೋಗಿಬನ್ನಿ. ಬಾಡಿಗೆ ಗೊತ್ತುಮಾಡುವಾಗಲೇ ಹಣ ಮರಳುವ ಷರತ್ತನ್ನು ಓದಿಕೊಂಡಿರಿ. ಪ್ರಯಾಣ ಒಂದು ವಾರ ಮುಂದೆ ಹೋದರೂ ಚಿಂತೆಯಿಲ್ಲ. ಆಗ ಉತ್ತರಕ್ಕೆ ಹೋಗುವ ಬದಲು ಪಶ್ಚಿಮ ಮ್ಯಾಸಚೂಸೆಟ್ಸ್‌ನ 2ನೇ ಹೆದ್ದಾರಿಯಲ್ಲಿ, 1914ರಲ್ಲಿ ತೆರೆದ ಮೊಹಾಕ್ ಟ್ರೇಲ್ ಮೂಲಕ ನಾರ್ತ್ ಆಡಮ್ಸ್ ಬಳಿಯ ಹೇರ್‌ಪಿನ್ ತಿರುವಿನವರೆಗೆ ಹೋಗಿಬರಬಹುದು, ಅಲ್ಲಿ ಅಕ್ಟೋಬರ್ ಮಧ್ಯದಲ್ಲೂ ಬಣ್ಣ ಚೆನ್ನಾಗಿರುತ್ತದೆ.